ದೊಡ್ಡಮ್ಮನ 20 ಮಿಲಿಗ್ರಾಂ

ಮಾರಿಕುಪ್ಪಂನವರಿಗೆ ಒಂದು ವಿಷಯದಲ್ಲಿ ಅದೃಷ್ಟ ಇದೆ. ಬೆಂಗಳೂರಿನ ರೈಲು ಹೊರಡೋದೇ ನಮ್ಮೂರಿಂದ. ಹಾಗಾಗಿ ಸ್ವಲ್ಪ ಬೇಗ ಹೋದರೆ ಕಿಟಕಿ ಪಕ್ಕದ ಸೀಟು ಗ್ಯಾರಂಟಿ. ಅದೇ ರೈಲು ಬಂಗಾರಪೇಟೆ ಬಿಡುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡೋಕೂ ಜಾಗ ಇರಲ್ಲ.

ಮೂರು ವಾರಕ್ಕೊಮ್ಮೆ ಆ ಕಿಟಕಿ ಸೀಟು ನಮ್ಮ ದೊಡ್ಡಮ್ಮನಿಗೆ. ಪಕ್ಕದಲ್ಲಿ ನಾನು. ತೊಡೆ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ಅದರ ಮೇಲೆ ಅವರ ಸ್ಕ್ಯಾನು, ರಿಪೋರ್ಟುಗಳ ದಪ್ಪ ಫೈಲು, ಒಂದು ಫ್ಲಾಸ್ಕಿನಲ್ಲಿ ರಾಗಿ ಗಂಜಿ. ಅವತ್ತು ನನಗೆ ಅರ್ಧ ದಿನ ರಜೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿ, ಸಂಜೆ ರೈಲಿಗೆ ವಾಪಸ್.

ದೊಡ್ಡಮ್ಮನಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್. ನಮ್ಮ ಕೋಲಾರದ ಕಡೆ ಇದು ಅಪರೂಪ ಅಲ್ಲ. ಎಷ್ಟೋ ಹೆಂಗಸರು ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಗೆ ಒತ್ತಿಕೊಂಡು ಹಾಗೇ ನಿದ್ದೆ ಹೋಗ್ತಾರೆ. ದೊಡ್ಡಪ್ಪ ಗಣಿಯಲ್ಲಿ ರಾತ್ರಿ ಪಾಳಿ ಹೋಗುತ್ತಿದ್ದ ಕಾಲದಿಂದ ದೊಡ್ಡಮ್ಮನಿಗೂ ಅದೇ ಅಭ್ಯಾಸ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದೊಡ್ಡಪ್ಪ ತೀರಿಕೊಂಡೂ ವರ್ಷಗಳಾದವು. ಆದರೆ ಹೊಗೆಸೊಪ್ಪು ಮಾತ್ರ ಕೆನ್ನೆಯಲ್ಲೇ ಉಳಿಯಿತು.

ಮೊದಲು ಆಪರೇಷನ್ ಆಯಿತು, ಆಮೇಲೆ ರೇಡಿಯೇಷನ್. ಎಲ್ಲ ಮುಗೀತು ಅಂದುಕೊಂಡ ಒಂದೂವರೆ ವರ್ಷಕ್ಕೆ ಕುತ್ತಿಗೆಯಲ್ಲಿ ಗಂಟು, ಶ್ವಾಸಕೋಶದಲ್ಲೂ ಚಿಕ್ಕದೊಂದು ಚುಕ್ಕೆ. "ಇನ್ನು ಪೂರ್ತಿ ವಾಸಿ ಮಾಡೋಕೆ ಆಗಲ್ಲ, ಹತೋಟಿಯಲ್ಲಿ ಇಡಬಹುದು" ಅಂದರು ಡಾಕ್ಟರು. ಆ ಸಂಜೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಆ ಪದ ಮೊದಲ ಸಲ ಬಂತು: ಇಮ್ಯುನೊಥೆರಪಿ.

ಕಷಾಯಕ್ಕೂ ಇದಕ್ಕೂ ಸಂಬಂಧ ಇಲ್ಲ

ಬಂದ ಫಾರ್ವರ್ಡ್‌ಗಳು ಎರಡು ತರಹ. ಒಂದರಲ್ಲಿ, "ಕೀಮೋ ಬೇಡ, ನೋವಿಲ್ಲ, ಹೊಸ ಇಂಜೆಕ್ಷನ್‌ನಿಂದ ಕ್ಯಾನ್ಸರ್ ಮಾಯ." ಇನ್ನೊಂದರಲ್ಲಿ, "ಇಮ್ಯುನಿಟಿ ಹೆಚ್ಚಿಸಿಕೊಳ್ಳಿ, ಕ್ಯಾನ್ಸರ್ ತಾನಾಗೇ ಓಡುತ್ತೆ," ಕೆಳಗೆ ಒಂದು ಪುಡಿಯ ಬೆಲೆ.

ನಾನು ಇಂಜಿನಿಯರಿಂಗ್ ಓದಿದವನು, ವೈದ್ಯನಲ್ಲ. ಆದರೆ ನಮ್ಮ ಮನೆಯಲ್ಲಿ ಇಂಗ್ಲಿಷ್ ರಿಪೋರ್ಟ್ ಓದಿ ಹೇಳೋ ಕೆಲಸ ನನ್ನದೇ. ಹಾಗಾಗಿ ಓದಿದೆ, ಡಾಕ್ಟರ್ ಹತ್ತಿರ ಕೇಳಿದೆ. ಮೊದಲು ಅರ್ಥವಾಗಿದ್ದು ಇಷ್ಟು: ಬಹುಪಾಲು ಕ್ಯಾನ್ಸರ್ ರೋಗಿಗಳ ತೊಂದರೆ ರೋಗನಿರೋಧಕ ಶಕ್ತಿ "ಕಮ್ಮಿ" ಇರೋದಲ್ಲ. ಆ ಶಕ್ತಿ ಇದ್ದೂ ಕ್ಯಾನ್ಸರ್ ಅದರ ಕಣ್ಣಿಗೆ ಮಣ್ಣೆರಚುತ್ತೆ. ಅದನ್ನ ನಾನು ದೊಡ್ಡಮ್ಮನಿಗೆ ರೈಲಿನ ಲೆಕ್ಕದಲ್ಲೇ ಹೇಳಿದೆ.

ನಮ್ಮ ರೈಲಿಗೆ ಟಿಸಿ ಹತ್ತುತ್ತಾರೆ. ದಿನಾ ಓಡಾಡೋ ನಾವು ತಲೆ ಎತ್ತದೆ "ಪಾಸ್" ಅಂತೀವಿ. ರಷ್ ಇದ್ದರೆ ಅವರೂ ಪಾಸ್ ನೋಡದೆ ಮುಂದೆ ಹೋಗ್ತಾರೆ. ನಮ್ಮ ರಕ್ತದಲ್ಲೂ ಹೀಗೊಬ್ಬರು ಟಿಸಿ ಇದ್ದಾರೆ. ಟಿ ಕೋಶ ಅಂತ ಅದರ ಹೆಸರು, ಬಿಳಿ ರಕ್ತಕಣದ ಒಂದು ಜಾತಿ. ಕೆಟ್ಟುಹೋದ ಕೋಶ ಸಿಕ್ಕರೆ ಕೊಲ್ಲೋದು ಅದರ ಕೆಲಸ. ಆದರೆ ಕಂಡಕಂಡವರ ಮೇಲೆಲ್ಲ ಎರಗಬಾರದಲ್ಲ, ಅದಕ್ಕೇ ದೇಹ ಒಂದು ವ್ಯವಸ್ಥೆ ಮಾಡಿದೆ. ಟಿ ಕೋಶದ ಮೈಮೇಲೆ ಪಿಡಿ-1 ಅನ್ನೋ ಕಿವಿ ಇದೆ. ಎದುರಿನ ಕೋಶ ಪಿಡಿ-ಎಲ್1 ಅನ್ನೋ ಪ್ರೋಟೀನ್ ತೋರಿಸಿದರೆ, ಆ ಕಿವಿಗೆ "ಪಾಸ್" ಅಂತ ಕೇಳಿಸುತ್ತೆ. ಟಿ ಕೋಶ ಸುಮ್ಮನಾಗುತ್ತೆ.

ಕೆಲವು ಕ್ಯಾನ್ಸರ್ ಕೋಶಗಳು ಕಲಿತಿರೋದು ಇದನ್ನೇ. ಟಿಕೆಟ್ ಇಲ್ಲದಿದ್ದರೂ ಜೋರಾಗಿ "ಪಾಸ್" ಅಂತವೆ.

ನಿವೊಲುಮಾಬ್, ಪೆಂಬ್ರೊಲಿಜುಮಾಬ್ ತರಹದ ಔಷಧಗಳು ಪಿಡಿ-1ಗೆ ಅಂಟಿಕೊಂಡು ಆ ಕಿವಿ ಮುಚ್ಚುತ್ತವೆ. ಆಗ ಟಿ ಕೋಶ ಯಾರ ಮಾತನ್ನೂ ನಂಬದೆ ಒಬ್ಬೊಬ್ಬರನ್ನೂ ನೋಡೋಕೆ ಶುರು ಮಾಡುತ್ತೆ. ಈ ಔಷಧ ತಾನೇ ಕ್ಯಾನ್ಸರನ್ನು ಕೊಲ್ಲಲ್ಲ, ಕೊಲ್ಲೋದು ರೋಗಿಯದೇ ಟಿ ಕೋಶ.

"ಅಂದ್ರೆ ಟಿಸಿಗೆ ಕಿವಿ ಕೇಳಿಸದಂಗೆ ಮಾಡೋದು" ಅಂದರು ದೊಡ್ಡಮ್ಮ. ಅಷ್ಟೇ.

ನೂರು ವರ್ಷದ ಹಳೇ ಆಸೆ

ದೇಹದ ಕಾವಲನ್ನೇ ಕ್ಯಾನ್ಸರ್ ಮೇಲೆ ಬಿಡೋ ಆಸೆ ಹೊಸದಲ್ಲ. ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ 1891ರಲ್ಲೇ ಗಡ್ಡೆಯೊಳಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದರು. ಕೆಲವರಿಗೆ ಗಡ್ಡೆ ಕರಗಿತು, ಆದರೆ ಯಾಕೆ ಅಂತ ಯಾರಿಗೂ ಹೇಳೋಕಾಗಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ತೋಳಲ್ಲೇ ಇದೆ. ಹುಟ್ಟಿದಾಗ ಕ್ಷಯಕ್ಕೆ ಅಂತ ಹಾಕಿದ ಬಿಸಿಜಿ ಲಸಿಕೆಯ ಕಲೆ ನೋಡಿಕೊಳ್ಳಿ. ಅದೇ ಬಿಸಿಜಿಯನ್ನು ಮೂತ್ರಕೋಶದ ಒಳಪದರದ ಕ್ಯಾನ್ಸರ್‌ಗೆ ಸಣ್ಣ ಕೊಳವೆ ಮೂಲಕ ಒಳಗೆ ಬಿಡುತ್ತಾರೆ. ಅದು ಅಲ್ಲಿ ಗಲಾಟೆ ಎಬ್ಬಿಸುತ್ತೆ, ಗಲಾಟೆಗೆ ಬಂದ ಕಾವಲು ಕೋಶಗಳು ಕ್ಯಾನ್ಸರನ್ನೂ ಹಿಡಿಯುತ್ತವೆ. ಅಮೆರಿಕದಲ್ಲಿ ಇದಕ್ಕೆ 1990ರಲ್ಲಿ ಅನುಮತಿ ಸಿಕ್ಕಿತು, ಇವತ್ತಿಗೂ ಬಳಕೆಯಲ್ಲಿದೆ.

ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ಕ್ಯೋಟೊದ ತಸುಕು ಹೊಂಜೊ ಅವರ ತಂಡ. ಸಿಟಿಎಲ್‌ಎ-4 ಅನ್ನೋ ಇನ್ನೊಂದು ಬ್ರೇಕನ್ನು ತೆಗೆದರೆ ಟಿ ಕೋಶ ಕ್ಯಾನ್ಸರ್ ಮೇಲೆ ಬೀಳುತ್ತೆ ಅಂತ ತೋರಿಸಿದ್ದು ಅಮೆರಿಕದ ಜೇಮ್ಸ್ ಆಲಿಸನ್. ಆ ದಾರಿಯಲ್ಲಿ ಬಂದ ಮೊದಲ ಔಷಧಕ್ಕೆ 2011ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸೈಟು ಮಾರೋ ಲೆಕ್ಕ

ಇಷ್ಟು ಓದಿ ನನಗೆ ಉತ್ಸಾಹ ಬಂದಿತ್ತು. ಅದೇ ಹೊತ್ತಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಮ್ಯುನೊಥೆರಪಿಯ ಎಸ್ಟಿಮೇಟ್ ಕೊಟ್ಟರು. ತಿಂಗಳಿಗೆ ಲಕ್ಷಗಳ ಲೆಕ್ಕ. ಎಷ್ಟು ತಿಂಗಳು ಅಂದರೆ, "ಕೆಲಸ ಮಾಡುವವರೆಗೆ." ಎಷ್ಟು ಜನಕ್ಕೆ ಕೆಲಸ ಮಾಡುತ್ತೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ದೊಡ್ಡಮ್ಮನ ಮಗ, ನಮ್ಮಣ್ಣ, ಬಂಗಾರಪೇಟೆಯಲ್ಲಿರುವ ಸೈಟು ಮಾರೋಕೆ ಹೊರಟ. ಗಣಿ ಮುಚ್ಚಿದಾಗ ದೊಡ್ಡಪ್ಪನಿಗೆ ಬಂದ ದುಡ್ಡಲ್ಲಿ ತಗೊಂಡ ಸೈಟು ಅದು, ಅವರಿಗಿರೋ ಒಂದೇ ಆಸ್ತಿ. ಒಬ್ಬರು ಬಂದು ಅಡ್ವಾನ್ಸ್ ಮಾತಾಡಿಯೂ ಹೋದರು. ನಾನು ಮಾತ್ರ, "ಒಂದು ವಾರ ತಡಿ ಅಣ್ಣ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ" ಅಂದೆ.

ಆ ಎರಡನೇ ಡಾಕ್ಟರು ಪೇಪರ್ ತೆಗೆದು ಎರಡು ಅಧ್ಯಯನಗಳ ಲೆಕ್ಕ ಬರೆದುಕೊಟ್ಟರು. ಅವನ್ನ ಆಮೇಲೆ ನಾನೂ ಓದಿದೆ.

ಮೊದಲನೆಯದು 2016ರದ್ದು. ಮೊದಲ ಚಿಕಿತ್ಸೆಗೆ ಬಗ್ಗದ ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದ 361 ಜನ. (ಬಾಯಿ, ಗಂಟಲ ಕ್ಯಾನ್ಸರ್‌ಗಳೂ ಈ ಗುಂಪಿಗೇ ಸೇರುತ್ತವೆ.) ಪೂರ್ಣ ಡೋಸ್ ನಿವೊಲುಮಾಬ್ ಕೊಟ್ಟವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 36. ಹಳೆಯ ಔಷಧ ಕೊಟ್ಟವರಲ್ಲಿ ಸುಮಾರು 17. ವ್ಯತ್ಯಾಸ ದೊಡ್ಡದೇ. ಆದರೆ ಗಡ್ಡೆ ಕಣ್ಣಿಗೆ ಕಾಣುವಷ್ಟು ಕುಗ್ಗಿದ್ದು ನೂರಕ್ಕೆ ಸುಮಾರು 13 ಜನಕ್ಕೆ ಮಾತ್ರ. "ಮಾಯ" ಅಂದ ಫಾರ್ವರ್ಡ್ ನೆನಪಾಯಿತು.

ಯಾಕೆ ಎಲ್ಲರಿಗೂ ಆಗಲ್ಲ? ರೈಲಿಗೇ ವಾಪಸ್ ಬರೋಣ. ಬೋಗಿಯಲ್ಲಿ ಟಿಸಿನೇ ಇಲ್ಲದಿದ್ದರೆ ಕಿವಿ ಮುಚ್ಚೋದು ಯಾರದ್ದು? ಕೆಲವು ಗಡ್ಡೆಗಳೊಳಗೆ ಟಿ ಕೋಶಗಳು ಹೋಗೋದೇ ಇಲ್ಲ. ಇನ್ನು ಕೆಲವು ಗಡ್ಡೆಗಳು "ಪಾಸ್" ಅನ್ನೋದೇ ಇಲ್ಲ, ಬೇರೆ ಏನೋ ತಂತ್ರ ಮಾಡಿರುತ್ತವೆ.

ಎರಡನೆಯದು ನಮ್ಮ ದೇಶದ್ದೇ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯದು. ಪೂರ್ಣ ಡೋಸ್ ಕೊಳ್ಳೋಕೆ ನಮ್ಮ ಬಹುಪಾಲು ರೋಗಿಗಳಿಗೆ ಸಾಧ್ಯವಿಲ್ಲ ಅಂತ ಅಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. ಕಡಿಮೆ ಡೋಸಿನಲ್ಲೂ ಪಿಡಿ-1 ಕಿವಿಗಳು ಬಹುಪಾಲು ಮುಚ್ಚಿಹೋಗುತ್ತವೆ ಅಂತ ನಿವೊಲುಮಾಬ್‌ನ ಆರಂಭದ ಪರೀಕ್ಷೆಗಳಲ್ಲೇ ಕಂಡಿತ್ತು. ಹಾಗಾದರೆ ಸ್ವಲ್ಪವೇ ಕೊಟ್ಟರೆ ಏನಾಗುತ್ತೆ?

ವಾಸಿಯಾಗುವ ಹಂತ ದಾಟಿದ್ದ 151 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಬಾಯಲ್ಲಿ ತಗೊಳ್ಳೋ ಅಗ್ಗದ ಮೂರು ಮಾತ್ರೆ: ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್. ಒಂದು ಗುಂಪಿಗೆ ಮಾತ್ರ ಜೊತೆಗೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮಾಬ್. ಬರೀ ಮಾತ್ರೆಯವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16.3. ಇಂಜೆಕ್ಷನ್ ಸೇರಿದವರಲ್ಲಿ 43.4. 2022ರಲ್ಲಿ ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿಯಲ್ಲಿ ಇದು ಪ್ರಕಟವಾಯಿತು.

ಡೋಸ್ ಎಷ್ಟು ಕಮ್ಮಿ ನೋಡಿ. ಮಾಮೂಲಿ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಆರು ವಾರಕ್ಕೆ 720. ಈ ಅಧ್ಯಯನದಲ್ಲಿ ಆರು ವಾರಕ್ಕೆ 40. ಹದಿನೆಂಟರಲ್ಲಿ ಒಂದು ಪಾಲು.

ನಾನು ಕ್ಯಾಲ್ಕ್ಯುಲೇಟರ್ ಒತ್ತಿ ಖುಷಿಯಿಂದ, "ಅಂದ್ರೆ ಎರಡೂ ಒಂದೇ ಅಲ್ವಾ ಡಾಕ್ಟ್ರೇ?" ಅಂದೆ.

"ಹಾಗಲ್ಲ," ಅಂದರು. "ಈ ಅಧ್ಯಯನ ಕಡಿಮೆ ಡೋಸನ್ನ ಪೂರ್ಣ ಡೋಸ್ ಜೊತೆ ಹೋಲಿಸಿಲ್ಲ. ಇಂಜೆಕ್ಷನ್ ಇಲ್ಲದೆ ಇರೋದಕ್ಕಿಂತ ಇದು ಒಳ್ಳೇದು ಅಂತಷ್ಟೇ ತೋರಿಸಿದೆ. ದುಡ್ಡಿದ್ದವರಿಗೆ ಪೂರ್ಣ ಡೋಸೇ ಬರೀತೀನಿ. ಮನೆ ಮಾರಿ ತರೋರಿಗೆ ಈ ದಾರಿಯೂ ಇದೆ ಅಂತ ಹೇಳ್ತೀನಿ. ಇನ್ನೊಂದು ನೆನಪಿಡಿ, ಕಡಿಮೆ ಡೋಸ್ ಸೇರಿದ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನ ವರ್ಷ ದಾಟಲಿಲ್ಲ."

ಡಾಕ್ಟರು ಹೀಗೆ ಬಿಡಿಸಿ ಹೇಳಿದ್ದರಿಂದಲೇ ನಮಗೆ ತೀರ್ಮಾನ ಮಾಡೋಕೆ ಆಯಿತು. ತೀರ್ಮಾನ ಅಂದರೂ, ಮಾಡಿದ್ದು ದೊಡ್ಡಮ್ಮ. ಅಲ್ಲಿಯವರೆಗೆ ನಾವ್ಯಾರೂ ಅವರನ್ನ ಕೇಳಿರಲಿಲ್ಲ.

"ಸೈಟು ಮಾರ್ಬೇಡ ಕಣೋ," ಅಂದರು ಅಣ್ಣನಿಗೆ. "ಅದು ಮೊಮ್ಮಗಳದ್ದು. ಆ ಚಿಕ್ಕ ಇಂಜೆಕ್ಷನ್ನೇ ಹಾಕಿಸು, ಆದಷ್ಟು ದಿನ ಆಗ್ಲಿ."

ಹಾಗಾದರೆ ಕಾರ್-ಟಿ?

ಈ ಮಧ್ಯೆ ಅಣ್ಣ ಇನ್ನೊಂದು ಸುದ್ದಿ ತಂದ. "ಬೆಂಗಳೂರಲ್ಲೇ ಕಾರ್-ಟಿ ಅಂತ ಶುರುವಾಗಿದೆಯಂತೆ, ಅಮ್ಮನಿಗೆ ಅದು ಆಗಲ್ವಾ?" ನೀವೂ ಓದಿರಬಹುದು, ಅದಕ್ಕೇ ಸ್ವಲ್ಪ ಹೇಳ್ತೀನಿ.

ಅದು ಬೇರೆ ತರಹದ ಇಮ್ಯುನೊಥೆರಪಿ. ಇಲ್ಲಿ ಟಿಸಿಯ ಕಿವಿ ಮುಚ್ಚಲ್ಲ, ಅವರ ಕೈಗೆ ಕಳ್ಳನ ಫೋಟೋ ಕೊಡ್ತಾರೆ. ರೋಗಿಯ ರಕ್ತದಿಂದ ಟಿ ಕೋಶ ತೆಗೆದು, ಲ್ಯಾಬಿನಲ್ಲಿ ಅದಕ್ಕೆ ಹೊಸ ಜೀನ್ ಸೇರಿಸಿ, ಸಂಖ್ಯೆ ಹೆಚ್ಚಿಸಿ, ವಾಪಸ್ ರೋಗಿಗೇ ಕೊಡ್ತಾರೆ. ಆ ಕೋಶಗಳು ಸಿಡಿ19 ಅನ್ನೋ ಗುರುತಿರುವ ಕೋಶಗಳನ್ನ ಹುಡುಕಿ ಕೊಲ್ಲುತ್ತವೆ. ಆ ಗುರುತು ಇರೋದು ಬಿ ಕೋಶಗಳ ಮೇಲೆ. ಹಾಗಾಗಿ ಇದು ಬಿ ಕೋಶದ ಲ್ಯುಕೇಮಿಯಾ, ಲಿಂಫೋಮಾ ತರಹದ ರಕ್ತದ ಕ್ಯಾನ್ಸರ್‌ಗಳಿಗೆ. ಒಳ್ಳೆಯ ಬಿ ಕೋಶಗಳೂ ಜೊತೆಗೆ ಸಾಯುತ್ತವೆ, ಫೋಟೋ ಒಂದೇ ಆಗಿರೋದರಿಂದ.

2012ರಲ್ಲಿ ಅಮೆರಿಕದ ಎಮಿಲಿ ವೈಟ್‌ಹೆಡ್ ಅನ್ನೋ ಆರು ವರ್ಷದ ಹುಡುಗಿ ಈ ಚಿಕಿತ್ಸೆ ಪಡೆದ ಮೊದಲ ಮಗು. ಟಿ ಕೋಶಗಳ ಅಬ್ಬರಕ್ಕೆ ಜ್ವರ ಏರಿ ಆಕೆ ಸಾವಿನ ಹತ್ತಿರ ಹೋಗಿ, ಸಂಧಿವಾತಕ್ಕೆ ಕೊಡುವ ಒಂದು ಔಷಧದಿಂದ ಉಳಿದುಕೊಂಡಳು. ಆಕೆಯ ಲ್ಯುಕೇಮಿಯಾ ಮತ್ತೆ ಬರಲಿಲ್ಲ.

ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಬಿಡುಗಡೆ ಮಾಡಿದರು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಅನ್ನೋ ಇನ್ನೊಂದನ್ನು ತಂದಿತು. ಕಿರಣ್ ಮಜುಂದಾರ್ ಷಾ, ವೈದ್ಯ-ಲೇಖಕ ಸಿದ್ಧಾರ್ಥ ಮುಖರ್ಜಿ ಇದರ ಸ್ಥಾಪಕರಲ್ಲಿದ್ದಾರೆ. ಅಮೆರಿಕದಲ್ಲಿ ಮೊದಲ ಕಾರ್-ಟಿ ಮಾರುಕಟ್ಟೆಗೆ ಬಂದಾಗ ಬೆಲೆ 4,75,000 ಡಾಲರ್. ಇಲ್ಲಿ ಅದಕ್ಕಿಂತ ತುಂಬಾ ಕಡಿಮೆ, ಆದರೂ ಹತ್ತಾರು ಲಕ್ಷ ರೂಪಾಯಿಯ ಮಾತು.

ದೊಡ್ಡಮ್ಮನ ಕೆನ್ನೆಯ ಕ್ಯಾನ್ಸರ್ ಕೋಶಗಳ ಮೇಲೆ ಸಿಡಿ19 ಇಲ್ಲ. ಹಾಗಾಗಿ ಈ ಕಾರ್-ಟಿ ಅವರಿಗೆ ಆಗಿಬರಲ್ಲ. ಅಣ್ಣನಿಗೆ ಇದನ್ನ ಹೇಳೋಕೆ ನನಗೆ ಒಂದು ಸಂಜೆ ಬೇಕಾಯಿತು.

ಐದನೇ ತಿಂಗಳ ಚಳಿ

ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಿಗೆ ಕುತ್ತಿಗೆಯ ಗಂಟು ಮೆತ್ತಗಾಯಿತು. ಸ್ಕ್ಯಾನ್‌ನಲ್ಲಿ ಅದು ಕುಗ್ಗಿತ್ತು, ಶ್ವಾಸಕೋಶದ ಚುಕ್ಕೆ ಇದ್ದಷ್ಟೇ ಇತ್ತು. ಕೂದಲು ಉದುರಲಿಲ್ಲ. ಮೈಮೇಲೆ ಸ್ವಲ್ಪ ಗುಳ್ಳೆ ಎದ್ದವು, ಅದು ಮಾತ್ರೆಯಿಂದ ಅಂದರು.

ಐದನೇ ತಿಂಗಳಿಗೆ ದೊಡ್ಡಮ್ಮ ಏಪ್ರಿಲ್ ಬಿಸಿಲಲ್ಲೂ ಶಾಲು ಹೊದ್ದು ಕೂರತೊಡಗಿದರು. ಮಾತು ನಿಧಾನ, ದಿನವಿಡೀ ನಿದ್ದೆ. ಮುಖ ಊದಿದಂತೆ. ಕ್ಯಾನ್ಸರ್ ಜಾಸ್ತಿಯಾಯಿತು ಅಂತ ಎಲ್ಲರೂ ಮನಸ್ಸಲ್ಲೇ ಅಂದುಕೊಂಡೆವು. ಹತ್ತಿರದ ಕ್ಲಿನಿಕ್‌ನಲ್ಲಿ "ವಯಸ್ಸಾಯ್ತಲ್ಲ" ಅಂತ ಟಾನಿಕ್ ಕೊಟ್ಟರು. ಅಲ್ಲಿ ಯಾವ ಇಂಜೆಕ್ಷನ್ ನಡೀತಿದೆ ಅಂತ ನಾವು ಹೇಳಿರಲೇ ಇಲ್ಲ.

ಬೆಂಗಳೂರಿಗೆ ಹೋದಾಗ ಡಾಕ್ಟರು ನೋಡಿದ ತಕ್ಷಣ ಥೈರಾಯ್ಡ್ ಪರೀಕ್ಷೆ ಬರೆದರು. ಟಿಎಸ್‌ಎಚ್ ತುಂಬಾ ಮೇಲೆ ಹೋಗಿತ್ತು. ಕಿವಿ ಮುಚ್ಚಿದ ಟಿಸಿ ನಿಜವಾದ ಪಾಸ್ ಇದ್ದವರನ್ನೂ ಇಳಿಸಿಬಿಟ್ಟಿದ್ದರು. ಟಿ ಕೋಶಗಳು ಅವರದೇ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡಿದ್ದವು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಯ್ಡ್ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ದೊಡ್ಡಮ್ಮ ಮತ್ತೆ ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು.

ನಮ್ಮದು ಸಣ್ಣದರಲ್ಲಿ ಹೋಯಿತು. ಇದೇ ಎರಗಾಟ ಕರುಳಿನ ಮೇಲಾದರೆ ನಿಲ್ಲದ ಭೇದಿ, ಶ್ವಾಸಕೋಶದ ಮೇಲಾದರೆ ಒಣ ಕೆಮ್ಮು, ಏದುಸಿರು, ಲಿವರ್ ಮೇಲಾದರೆ ಕಾಮಾಲೆ. ಚಿಕಿತ್ಸೆ ಶುರುವಾದ ತಿಂಗಳುಗಳ ನಂತರ, ಕೆಲವೊಮ್ಮೆ ಚಿಕಿತ್ಸೆ ನಿಲ್ಲಿಸಿದ ಮೇಲೂ ಬರಬಹುದು. ಬೇಗ ಹಿಡಿದರೆ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರ್ತಾರೆ, ತಡವಾದರೆ ಪ್ರಾಣಕ್ಕೇ ಅಪಾಯ. ನಮ್ಮಂಥ ಊರಿನಿಂದ ದೊಡ್ಡ ಆಸ್ಪತ್ರೆಗೆ ಎರಡು-ಮೂರು ಗಂಟೆ ದಾರಿ. ಅದಕ್ಕೇ ಈಗ ಫೈಲಿನ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿದ್ದೀನಿ: "ಇವರು ನಿವೊಲುಮಾಬ್ ತಗೊಳ್ತಿದ್ದಾರೆ." ಯಾವ ಕ್ಲಿನಿಕ್‌ಗೆ ಹೋದರೂ ಅದನ್ನ ಮೊದಲು ತೋರಿಸ್ತೀವಿ.

ದುಡ್ಡು ಕಟ್ಟೋ ಮೊದಲು ಕೇಳಿ

ನಿಮ್ಮ ಮನೆಯಲ್ಲೂ ಈ ಪದ ಬಂದರೆ, ನಾವು ತಡವಾಗಿ ಕೇಳಿದ್ದನ್ನ ನೀವು ಮೊದಲೇ ಕೇಳಿ.

1. ಈ ಜಾತಿಯ ಕ್ಯಾನ್ಸರ್‌ಗೆ, ಈ ಹಂತದಲ್ಲಿ, ಇಮ್ಯುನೊಥೆರಪಿ ನೂರರಲ್ಲಿ ಎಷ್ಟು ಜನಕ್ಕೆ ಕೆಲಸ ಮಾಡಿದೆ? ಉದ್ದೇಶ ವಾಸಿ ಮಾಡೋದಾ, ಹತೋಟಿಯಲ್ಲಿ ಇಡೋದಾ?

2. ಪಿಡಿ-ಎಲ್1 ತರಹದ ಪರೀಕ್ಷೆ ಬೇಕಾ? ಹಿಂದಿನ ಆಪರೇಷನ್‌ನಲ್ಲಿ ತೆಗೆದ ತುಣುಕಿನ ಬ್ಲಾಕ್ ಲ್ಯಾಬಿನಲ್ಲಿ ಇರುತ್ತೆ, ಅದರಲ್ಲೇ ಮಾಡಬಹುದಾ?

3. ಕಡಿಮೆ ಡೋಸ್ ಈ ಕ್ಯಾನ್ಸರ್‌ಗೆ ಪರೀಕ್ಷೆಯಾಗಿದೆಯಾ? (ಎಲ್ಲ ಕ್ಯಾನ್ಸರ್‌ಗೂ ಆಗಿಲ್ಲ. ನೀವಾಗೇ ಡೋಸ್ ಇಳಿಸೋ ಮಾತೇ ಬೇಡ.)

4. ಎಷ್ಟು ತಿಂಗಳಿಗೆ ಸ್ಕ್ಯಾನ್ ಮಾಡಿ ನೋಡ್ತೀರಿ? ಕೆಲಸ ಮಾಡದಿದ್ದರೆ ಯಾವಾಗ ನಿಲ್ಲಿಸ್ತೀರಿ?

5. ವಿಮೆಯಲ್ಲಿ, ಸರ್ಕಾರಿ ಯೋಜನೆಯಲ್ಲಿ, ಕಂಪನಿಯ ರಿಯಾಯಿತಿಯಲ್ಲಿ ಎಷ್ಟು ಸಿಗುತ್ತೆ? ಕ್ಲಿನಿಕಲ್ ಟ್ರಯಲ್ ಏನಾದರೂ ಇದೆಯಾ?

6. ರಾತ್ರಿ ಹೊತ್ತು ಭೇದಿ, ಏದುಸಿರು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಎಲ್ಲಕ್ಕಿಂತ ಮೊದಲು ರೋಗಿಗೆ ಏನು ಬೇಕು ಅಂತ ಅವರನ್ನೇ ಕೇಳಿ.

ದೊಡ್ಡಮ್ಮನಿಗೆ ಈಗ ಹದಿಮೂರನೇ ತಿಂಗಳು. ಹೋದ ಸ್ಕ್ಯಾನ್‌ನಲ್ಲಿ ಹೊಸದೇನೂ ಇರಲಿಲ್ಲ, ಹಳೆಯದು ಹೋಗಿಯೂ ಇಲ್ಲ. ಮುಂದಿನ ಸ್ಕ್ಯಾನ್ ಏನು ಹೇಳುತ್ತೋ ಆ ದಿನವೇ ತಿಳಿಯಬೇಕು. ಸೈಟು ಇನ್ನೂ ಇದೆ. ಅವರ ಎಲೆ-ಅಡಿಕೆ ಸಂಚಿ ಖಾಲಿಯಾಗಿ ಮೊಳೆಗೆ ನೇತಾಡ್ತಿದೆ.

ಹೋದ ಸಲ ರೈಲಿನಲ್ಲಿ ಎದುರಿಗೆ ಕೂತ ಹೆಂಗಸೊಬ್ಬರು ಎಲೆಗೆ ಸುಣ್ಣ ಹಚ್ಚಿ ಹೊಗೆಸೊಪ್ಪು ಹರಿಯುತ್ತಿದ್ದರು. ದೊಡ್ಡಮ್ಮನ ಬಾಯಿ ಈಗ ಎರಡು ಬೆರಳಷ್ಟೂ ತೆರೆಯಲ್ಲ. ಆದರೂ ಸೆರಗು ಸರಿಸಿ, ಹೊಲಿಗೆ ಹಾಕಿದ ಕೆನ್ನೆ ಅವರಿಗೆ ತೋರಿಸಿ, "ಬಾಯೊಳಗೆ ಬೆಳ್ಳಗೆ ಏನಾದ್ರೂ ಆಗೈತಾ ನೋಡ್ಕೊಳಮ್ಮ. ಎರಡು ವಾರಕ್ಕೂ ಮಾಯದ ಹುಣ್ಣಿದ್ರೆ ತೋರಿಸ್ಕೊ" ಅಂದರು.

ಆ ಹೆಂಗಸು ಎಲೆಯನ್ನ ಹಾಗೇ ಮಡಚಿ ಸೆರಗಿಗೆ ಕಟ್ಟಿಕೊಂಡರು. ಆಮೇಲೆ ಹಾಕಿಕೊಂಡರೋ ಇಲ್ಲವೋ ಗೊತ್ತಿಲ್ಲ. ಅವರು ಮಾಲೂರಿನಲ್ಲಿ ಇಳಿದರು, ನಾವು ಮುಂದೆ ಹೋದೆವು.